ಚಾಕುವೋ ಕೊಡಲಿಯೋ? ಮೊದಲು ಶಾಖದ ಲೆಕ್ಕ ಹಾಕಿ

ಈ ಮೇಜಿನ ಮೇಲೆ ಎರಡು ಸಾಮಾನು ಇಟ್ಟಿದ್ದೇನೆ. ಒಂದು ಚಾಕು. ಅಲಗಿನ ಉದ್ದ 10 ಸೆಂಟಿಮೀಟರ್, ಒರೆ ಸೇರಿಸಿ ತೂಗಿದರೂ ಸುಮಾರು 150 ಗ್ರಾಂ. ಇನ್ನೊಂದು ಕೊಡಲಿ. ಕಾವು 50 ಸೆಂಟಿಮೀಟರ್, ಒಟ್ಟು ತೂಕ 1 ಕಿಲೋ ಹತ್ತಿರ. ಹಿಮದಲ್ಲಿ ಚಾರಣಕ್ಕೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ ಇದು: ಇವೆರಡರಲ್ಲಿ ಯಾವುದನ್ನು ಒಯ್ಯಲಿ? ಎರಡನ್ನೂ ಒಯ್ಯೋಣ ಅಂದರೆ ಬೆನ್ನು ಒಪ್ಪುವುದಿಲ್ಲ. ಚಳಿಗಾಲದ ಚೀಲ ಮೊದಲೇ ಭಾರ. ದಪ್ಪನೆಯ ಸ್ಲೀಪಿಂಗ್ ಬ್ಯಾಗ್, ಜಾಸ್ತಿ ಬಟ್ಟೆ, ಜಾಸ್ತಿ ಊಟ, ಜಾಸ್ತಿ ಇಂಧನ. ಅದರ ಮೇಲೆ ಇನ್ನೊಂದು ಕಿಲೋ ಹೇರುವುದು ಸಣ್ಣ ಮಾತಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುವ ಗಾದೆ ನಿಮಗೆಲ್ಲ ಗೊತ್ತು. ನನಗೆ ಆ ಗಾದೆ ತುಂಬಾ ಇಷ್ಟ. ಅದು ಮೊದಲು ಕೆಲಸ ಎಷ್ಟಿದೆ ನೋಡು ಅನ್ನುತ್ತದೆ, ಆಯುಧದ ಮಾತು ಆಮೇಲೆ. ನಾವು ಮಾಡುವುದು ತಿರುಗಾಮುರುಗಾ. ಹೊಳೆಯುವ ಕೊಡಲಿ ಕಣ್ಣಿಗೆ ಬೀಳುತ್ತದೆ, ಕೊಳ್ಳುತ್ತೇವೆ, ಆಮೇಲೆ ಅದಕ್ಕೊಂದು ಕೆಲಸ ಹುಡುಕುತ್ತೇವೆ. ಹಾಗಾಗಿ ಕೇಳಿದವರಿಗೆ ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ರಾತ್ರಿ ನಿಮ್ಮನ್ನು ಬೆಚ್ಚಗಿಡುವುದು ಯಾವುದು? ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕಿದರೆ ಚಾಕುವೋ ಕೊಡಲಿಯೋ ಅನ್ನುವುದು ತಾನಾಗಿ ಬಗೆಹರಿಯುತ್ತದೆ.

ನೀರಿನಿಂದ ಶುರು ಮಾಡೋಣ. ಸುತ್ತಮುತ್ತ ಹಿಮ ಬಿದ್ದಿರುವಾಗ ನೀರಿಗೇನು ಬರ, ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಹಾಗೆ ಮಾಡಿದರೆ ಅದನ್ನು ಕರಗಿಸುವ ಶಾಖವನ್ನು ನಿಮ್ಮ ಮೈ ಕೊಡಬೇಕು. ಆ ಶಾಖ ಎಷ್ಟು ಗೊತ್ತಾ? ಸೊನ್ನೆ ಡಿಗ್ರಿಯ 1 ಕಿಲೋ ಹಿಮ ಸೊನ್ನೆ ಡಿಗ್ರಿಯ ನೀರಾಗುವುದಕ್ಕೆ 334 ಕಿಲೋಜೂಲ್. ಅದೇ ಶಾಖದಲ್ಲಿ 1 ಲೀಟರ್ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಅಂದರೆ ಹಿಮ ಬರೀ ಕರಗುವ ಹೊತ್ತಿಗೆ ಒಂದು ಪಾತ್ರೆ ನೀರು ಕುದಿಯುವ ಹತ್ತಿರಕ್ಕೆ ಬಂದಿರುತ್ತಿತ್ತು. ಕರಗಿದ ಮೇಲೆ ಕುದಿಸುವುದಕ್ಕೆ ಇನ್ನೂ 418 ಕಿಲೋಜೂಲ್ ಬೇಕು. ನೀರಿನಿಂದಲೇ ಶುರು ಮಾಡುವುದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಇಂಧನ. ದಿನಕ್ಕೆ ಒಬ್ಬರಿಗೆ 3 ಲೀಟರ್ ಅಂತ ಇಟ್ಟುಕೊಂಡು ನೀವೇ ಗುಣಿಸಿ ನೋಡಿ. ಚಳಿಗಾಲದ ಕ್ಯಾಂಪಿನ ಅರ್ಧ ಸಂಜೆ ಈ ಕೆಲಸದಲ್ಲೇ ಹೋಗುತ್ತದೆ.

ಈ ಶಾಖ ಸ್ಟೌವಿನಿಂದ ಬರುತ್ತದೋ ಸೌದೆಯಿಂದ ಬರುತ್ತದೋ? ಸ್ಟೌವ್ ಅನ್ನುವವರು ಗ್ಯಾಸ್ ಡಬ್ಬಿಯನ್ನು ಪೂರ್ತಿ ನಂಬಿ ಹೋಗಬೇಡಿ. ಬ್ಯೂಟೇನ್ ಆವಿಯಾಗುವುದು ಸುಮಾರು ಸೊನ್ನೆ ಡಿಗ್ರಿಯಲ್ಲಿ. ಐಸೊಬ್ಯೂಟೇನ್ ಮೈನಸ್ 12ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಡಬ್ಬಿಯಲ್ಲಿ ಇವು ಬೆರೆತಿರುತ್ತವೆ. ಚಳಿ ಜಾಸ್ತಿಯಾದಾಗ ಪ್ರೊಪೇನ್ ಮೊದಲು ಹೋಗಿಬಿಡುತ್ತದೆ, ಉಳಿದದ್ದು ತಳದಲ್ಲಿ ದ್ರವವಾಗಿಯೇ ಕೂತಿರುತ್ತದೆ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ, ಬರ್ನರ್‌ನಲ್ಲಿ ಉರಿ ಮಾತ್ರ ಇಲ್ಲ. ಅದಕ್ಕೇ ಕಡು ಚಳಿಗೆ ಹೋಗುವವರು ಪಂಪ್ ಹೊಡೆದು ಒತ್ತಡ ಕೊಡುವ ದ್ರವ ಇಂಧನದ ಸ್ಟೌವ್ ಒಯ್ಯುತ್ತಾರೆ. ಅದು ಇದ್ದು, ಜೊತೆಗೆ ಆ ಚಳಿಗೆ ತಕ್ಕ ಸ್ಲೀಪಿಂಗ್ ಬ್ಯಾಗ್ ಇದ್ದರೆ ನಿಮಗೆ ಬೆಂಕಿಯೇ ಬೇಡ. ಬೆಂಕಿ ಬೇಡ ಅಂದಮೇಲೆ ಕೊಡಲಿಯ ಮಾತೂ ಇಲ್ಲ. ಹಗ್ಗ ಕತ್ತರಿಸಲು, ಪೊಟ್ಟಣ ಬಿಚ್ಚಲು, ಕಿತ್ತುಹೋದ ಪಟ್ಟಿ ಸರಿ ಮಾಡಲು ಒಂದು ಸಣ್ಣ ಚಾಕು ಸಾಕು.

ಮರದ ಗಡಿ ದಾಟಿ ಮೇಲಕ್ಕೆ ಹೋಗುವವರಿಗಂತೂ ಉತ್ತರ ಇನ್ನೂ ಸುಲಭ. ಅಲ್ಲಿ ಕಡಿಯಲು ಮರವೇ ಇಲ್ಲ. ಕೊಡಲಿಯ ತೂಕಕ್ಕೆ ಸಲಿಕೆ ಒಯ್ಯಿರಿ. ಟೆಂಟಿಗೆ ಜಾಗ ಮಾಡಲು, ಗಾಳಿಗೆ ಅಡ್ಡಗೋಡೆ ಕಟ್ಟಲು, ಹೂತುಹೋದವರನ್ನು ಎತ್ತಲು ಅದೇ ಬೇಕು. ಐಸ್ ಆಕ್ಸ್ ಬೇರೆಯೇ ಉಪಕರಣ, ಅದು ಇಳಿಜಾರಿನಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದಕ್ಕೆ. ಹೆಸರು ನೋಡಿ ಅದರಿಂದ ಸೌದೆ ಒಡೆಯಲು ಹೋಗಬೇಡಿ.

ಇನ್ನು ಕಾಡಿಗೆ ಬರೋಣ. ನನ್ನ ಮನಸ್ಸು ಇರುವುದೂ ಅಲ್ಲೇ.

ಒಂದು ನೆಲದ ಜನ ಯಾವ ಆಯುಧ ಇಟ್ಟುಕೊಂಡಿದ್ದಾರೆ ಅಂತ ನೋಡಿದರೆ ಅಲ್ಲಿನ ಮರ ಎಂಥದ್ದು ಅಂತ ಹೇಳಬಹುದು. ಯುರೋಪಿನ ಉತ್ತರ ತುದಿಯಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರಿದ್ದಾರೆ. ಅವರ ಸೊಂಟದಲ್ಲಿ ಲೆಯುಕು ಅನ್ನುವ ದೊಡ್ಡ ಚಾಕು ಇರುತ್ತದೆ. ಅದು ನೋಡಲು ನಮ್ಮ ಮಚ್ಚಿನ ತಮ್ಮನ ಹಾಗೆ. ಅಲಗು 20 ಸೆಂಟಿಮೀಟರ್ ಆಸುಪಾಸು, ಹಿಡಿ ಬರ್ಚ್ ಮರದ್ದು. ಬರ್ಚ್ ಅಂದರೆ ಭೂರ್ಜಪತ್ರ ಕೊಡುವ ಮರದ ಬಳಗದ್ದು. ಅವರ ಎತ್ತರದ ಬಯಲಿನಲ್ಲಿ ಬೆಳೆಯುವ ಬರ್ಚ್ ಗಿಡ್ಡ, ಸೊಟ್ಟ, ತೋಳಿನಷ್ಟು ದಪ್ಪ. ಅದನ್ನು ಸವರಲು, ಸೀಳಲು ದೊಡ್ಡ ಚಾಕು ಸಾಕು. ನಾಜೂಕು ಕೆಲಸಕ್ಕೆ ಜೊತೆಯಲ್ಲಿ ಒಂದು ಸಣ್ಣ ಚಾಕು. ಅದೇ ದಕ್ಷಿಣಕ್ಕೆ ಇಳಿದು ದಟ್ಟ ಪೈನ್, ಸ್ಪ್ರೂಸ್ ಕಾಡಿಗೆ ಬನ್ನಿ, ಕೈಗೆ ಕೊಡಲಿ ಬಂದಿರುತ್ತದೆ. ಫಿನ್ಲೆಂಡಿನವರು ರಾಕೊವಾಲ್ಕೆಯಾ ಅನ್ನುವ ಒಂದು ಬೆಂಕಿ ಹಾಕುತ್ತಾರೆ. ಆಳುದ್ದದ ಎರಡು ಒಣ ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಸಣ್ಣ ಸಂದು ಬಿಟ್ಟು, ಆ ಸಂದಿನಲ್ಲಿ ಉದ್ದಕ್ಕೂ ಉರಿ ಹಚ್ಚುತ್ತಾರೆ. ಅದು ಗಂಟೆಗಟ್ಟಲೆ ನಿಧಾನಕ್ಕೆ ಉರಿಯುತ್ತದೆ, ತಲೆಯಿಂದ ಕಾಲಿನವರೆಗೆ ಮೈಗೆ ಶಾಖ ಬಡಿಯುತ್ತದೆ. ಬಯಲಲ್ಲೇ ಮಲಗಿ ರಾತ್ರಿ ಕಳೆಯುವ ಉಪಾಯ ಅದು. ಅಂಥ ದಿಮ್ಮಿಯನ್ನು ಕೈಚಾಕುವಿನಿಂದ ತರುವುದು ಆಗದ ಮಾತು. ಒಳಗೆ ಸೌದೆ ಒಲೆ ಇಟ್ಟುಕೊಳ್ಳುವ ಬಿಸಿ ಟೆಂಟೂ ಹಾಗೆಯೇ. ಸಣ್ಣ ತಗಡಿನ ಒಲೆ ಸೌದೆಯನ್ನು ನುಂಗುತ್ತಲೇ ಇರುತ್ತದೆ. ಸಾಮಾನನ್ನು ಬೆನ್ನ ಮೇಲೆ ಹೊರದೆ ಜಾರುಬಂಡಿಯಲ್ಲಿ ಎಳೆದುಕೊಂಡು ಹೋಗುವವರಿಗೆ, ಬೆಂಕಿಯೇ ಮನೆ ಅನ್ನುವವರಿಗೆ ಕೊಡಲಿ ಬೇಕೇ ಬೇಕು.

ಕೊಡಲಿಯಿಂದ ಇನ್ನೊಂದು ಉಪಕಾರವಿದೆ, ಅದನ್ನು ಯಾರೂ ಹೇಳುವುದಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ತೋಡಿ ನೀರು ಎತ್ತಬಹುದು. ಆಗಲೇ ಹೇಳಿದ 334 ಕಿಲೋಜೂಲ್ ಪೂರ್ತಿ ಉಳಿಯಿತು ನೋಡಿ! ಆದರೆ ದಡಕ್ಕೆ ತೀರಾ ಹತ್ತಿರ ತೋಡಿದರೆ ಕೊಡಲಿ ಬಾಯಿ ಕಲ್ಲಿಗೆ ಬಡಿಯುತ್ತದೆ, ಮರಳು ಸೇರಿದ ಹಿಮಗಡ್ಡೆಯೂ ಬಾಯನ್ನು ಮೊಂಡು ಮಾಡುತ್ತದೆ.

ಈಗ ನಮ್ಮಲ್ಲಿ ಜಾಸ್ತಿ ಜನ ಮಾಡುವ ಚಾರಣವನ್ನು ತೆಗೆದುಕೊಳ್ಳಿ. ಸ್ಟೌವ್ ಇದೆ, ಸ್ಲೀಪಿಂಗ್ ಬ್ಯಾಗ್ ಇದೆ, ದಾರಿ ಕಾಡಿನೊಳಗೆ. ಬೆಂಕಿ ಬೇಕಾಗುವುದು ಕೈಕಾಲು ಕಾಯಿಸಿಕೊಳ್ಳಲು, ಇಲ್ಲವೇ ಏನಾದರೂ ಕೈಕೊಟ್ಟಾಗ. ಅದಕ್ಕೆ ಈ ಚಾಕು ಸಾಕಾಗುತ್ತದಾ? ಮಾತಿನಲ್ಲಿ ಹೇಳುವ ಬದಲು ಮಾಡಿ ತೋರಿಸುತ್ತೇನೆ.

ಈ ಕೋಲನ್ನು ನೋಡಿ. ಮಣಿಕಟ್ಟಿನಷ್ಟು ದಪ್ಪ, ಎರಡು ಗೇಣು ಉದ್ದ. ನಿಂತಲ್ಲೇ ಸತ್ತ ಪೈನ್ ಮರದ್ದು. ನಿನ್ನೆ ರಾತ್ರಿಯಿಂದ ಬಕೆಟ್ ನೀರಿನಲ್ಲಿ ನೆನೆಹಾಕಿದ್ದೆ. ಹೊರಗಿನ ತೊಗಟೆ ಕಪ್ಪಾಗಿದೆ, ಒತ್ತಿದರೆ ನೀರು ಒಸರುತ್ತದೆ. ಇದಕ್ಕೆ ಕಡ್ಡಿ ಗೀರಿದರೆ ಏನೂ ಆಗುವುದಿಲ್ಲ. ಹಿಮದ ಕಾಡಿನಲ್ಲಿ ಕೈಗೆ ಸಿಗುವ ಪ್ರತಿ ಕೋಲೂ ಹೀಗೇ ಇರುತ್ತದೆ. ಇದನ್ನು ಹೀಗೆ ನೆಟ್ಟಗೆ ನಿಲ್ಲಿಸುತ್ತೇನೆ. ಚಾಕುವಿನ ಬಾಯನ್ನು ಕೋಲಿನ ತಲೆಯ ಮೇಲೆ, ಸರಿಯಾಗಿ ನಡುವೆ ಇಡುತ್ತೇನೆ. ತುದಿ ಆಚೆ ಕಡೆ ಎರಡು ಬೆರಳಾದರೂ ಹೊರಗೆ ಚಾಚಿರಬೇಕು. ಈಗ ಬಡಿಗೆಯಿಂದ ಚಾಕುವಿನ ಬೆನ್ನ ಮೇಲೆ ಒಂದು ಏಟು. ಅಲಗು ಮರದೊಳಗೆ ಕೂತಿತು. ಇನ್ನು ಏಟು ಹಾಕುವುದು ಹೊರಗೆ ಚಾಚಿದ ಆ ತುದಿಯ ಮೇಲೆ. ಟಕ್, ಟಕ್, ಟಕ್. ಸದ್ದು ಬದಲಾಗುವುದನ್ನು ಕೇಳಿ. ಬಿಗಿಯಾಗಿದ್ದದ್ದು ಸಡಿಲವಾಯಿತು, ಎಳೆ ಬಿಟ್ಟುಕೊಂಡಿತು. ಇಗೋ, ಎರಡಾಯಿತು.

ಒಳಗಿನ ಬಣ್ಣ ನೋಡಿ. ಹೊರಗೆ ಕಪ್ಪು, ಒಳಗೆ ಜೇನಿನ ಬಣ್ಣ. ನೀರು ತೊಗಟೆಯಿಂದ ಒಳಕ್ಕೆ ಕೆಲವೇ ಮಿಲಿಮೀಟರ್ ಇಳಿದಿದೆ, ಅಷ್ಟೇ. ರಾಳದ ವಾಸನೆ ಮುಂದಿನ ಸಾಲಿನವರಿಗೆ ಬಂದಿರಬೇಕು. ಇದನ್ನು ನಾಲ್ಕು ಸೀಳಿಗೆ ತರುತ್ತೇನೆ, ಹಸಿ ಅಂಚನ್ನು ಕೆತ್ತಿ ತೆಗೆಯುತ್ತೇನೆ. ಉಳಿದ ಒಣ ಪಟ್ಟಿಯ ಮೇಲೆ ಚಾಕುವನ್ನು ಹಗುರವಾಗಿ ಎಳೆದರೆ ಸುರುಳಿ ಏಳುತ್ತದೆ. ಸುರುಳಿ ಕಿತ್ತು ಬರಬಾರದು, ಬುಡದಲ್ಲಿ ಅಂಟಿಕೊಂಡೇ ಇರಬೇಕು. ಹತ್ತು ಹದಿನೈದು ಸುರುಳಿ ಎದ್ದರೆ ಅದೊಂದು ಹೂವಿನ ಗೊಂಚಲಿನ ಹಾಗೆ ಕಾಣುತ್ತದೆ. ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ. ಬರ್ಚ್ ತೊಗಟೆ ಸಿಕ್ಕಿದರೆ ಇಷ್ಟು ಕಷ್ಟವೂ ಬೇಡ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಒದ್ದೆಯಾಗಿದ್ದರೂ ಉರಿಯುತ್ತದೆ.

ಹಿಮದಲ್ಲಿ ಬೆಂಕಿ ಹತ್ತದಿರುವುದಕ್ಕೆ ಸೌದೆ ಇಲ್ಲದಿರುವುದು ಕಾರಣವಲ್ಲ, ಸೌದೆಯ ಒಳಗೆ ಹೋಗಲಾಗದಿರುವುದು ಕಾರಣ. ಒಳಗೆ ಹೋಗುವ ದಾರಿಯನ್ನು 150 ಗ್ರಾಂ ಚಾಕು ತೋರಿಸಿತು. ಹತ್ತಿದ ಬೆಂಕಿಯನ್ನು ಹಿಮದ ಮೇಲೆ ನೇರವಾಗಿ ಇಡಬೇಡಿ, ತನ್ನ ಗುಂಡಿ ತಾನೇ ತೋಡಿಕೊಂಡು ಮುಳುಗುತ್ತದೆ. ಕೆಳಗೆ ದಪ್ಪ ಸೌದೆಯ ಹಾಸು ಹಾಕಿ. ಮೇಲೆ ಹಿಮ ಹೊತ್ತ ಕೊಂಬೆ ಇದೆಯಾ ಅಂತಲೂ ಕತ್ತೆತ್ತಿ ನೋಡಿ.

ಆದರೆ ಚಾಕುವಿಗೂ ಮಿತಿ ಇದೆ. ನನ್ನ ಮೊದಲ ಒಳ್ಳೆಯ ಚಾಕುವನ್ನು ನಾನು ಕಳೆದುಕೊಂಡದ್ದು ಈ ಮಿತಿ ಮರೆತು. ಕಡು ಚಳಿಯ ಮುಂಜಾನೆ, ಸ್ಪ್ರೂಸ್ ಮರದ ತುಂಡು ಸೀಳುತ್ತಿದ್ದೆ. ಒಳಗೊಂದು ಗಂಟು ಇತ್ತು. ಅಲಗು ಗಂಟಿಗೆ ಸಿಕ್ಕಿ ನಿಂತಿತು. ನಾನು ಇನ್ನೂ ಜೋರಾಗಿ ಬಡಿದೆ. ಚಾಕು ಹೊರಗೆ ತೆಗೆದಾಗ ಬಾಯಿಯಲ್ಲಿ ಉಗುರಿನಾಕಾರದ ಒಂದು ಚೂರು ಇರಲಿಲ್ಲ. ಸ್ಪ್ರೂಸ್ ಗಂಟು ಬೇಸಿಗೆಯಲ್ಲೇ ಕಲ್ಲು, ಹೆಪ್ಪುಗಟ್ಟಿದ ಮೇಲೆ ಕೇಳಬೇಕೇ? ಉಕ್ಕೂ ಚಳಿಯಲ್ಲಿ ಬಾಗುವ ಗುಣ ಕಳೆದುಕೊಂಡು ಚಕ್ಕೆ ಏಳುವ ಸ್ವಭಾವಕ್ಕೆ ಬರುತ್ತದೆ. ಮೂರನೇ ದಿನ ಅದು. ಇನ್ನೂ ಎರಡು ರಾತ್ರಿ ಬಾಕಿ ಇದ್ದವು. ಆವತ್ತಿನಿಂದ ನಾನು ಗಂಟಿರುವ ಕೋಲನ್ನು ಪಕ್ಕಕ್ಕೆ ಇಡುತ್ತೇನೆ, ನೇರ ಎಳೆಯ ಕೋಲನ್ನೇ ಹುಡುಕುತ್ತೇನೆ. ಅಲಗಿನ ಉದ್ದದ ಮುಕ್ಕಾಲಿಗಿಂತ ದಪ್ಪ ಇರುವುದನ್ನು ಮುಟ್ಟುವುದಿಲ್ಲ.

ಹೀಗೆ ಬಡಿಯುವ ಚಾಕು ಮಡಚುವಂಥದ್ದು ಆಗಿರಬಾರದು. ಅಲಗಿನ ಉಕ್ಕು ಒಂದೇ ಪಟ್ಟಿಯಾಗಿ ಹಿಡಿಯ ಕೊನೆಯವರೆಗೂ ಬಂದಿರಬೇಕು. ಬೆನ್ನು 3 ಮಿಲಿಮೀಟರ್ ಆದರೂ ದಪ್ಪ ಇರಲಿ. ಹಿಡಿ ಬರೀ ಲೋಹ ಬೇಡ. ಮೈನಸ್ 20ರ ಲೋಹವನ್ನು ಬರಿಗೈಯಲ್ಲಿ, ಅದರಲ್ಲೂ ಒದ್ದೆ ಕೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಳ್ಳುತ್ತದೆ. ಮರದ್ದೋ ರಬ್ಬರಿನದ್ದೋ ಆಗಲಿ, ದಪ್ಪ ಗ್ಲೌಸ್ ಹಾಕಿ ಹಿಡಿದರೂ ಜಾರದಂತಿರಲಿ. ಕೆಂಪು ಇಲ್ಲವೇ ಕಿತ್ತಳೆ ಬಣ್ಣದ ದಾರ ಕಟ್ಟಿ. ಮೆತ್ತನೆಯ ಹಿಮದಲ್ಲಿ ಬಿದ್ದ ಚಾಕು ಒಂದು ಸೀಳು ಮಾತ್ರ ಬಿಟ್ಟು ಮಾಯವಾಗುತ್ತದೆ.

ಇನ್ನು ಕೊಡಲಿ. ಕೊಡಲಿಯ ಶಕ್ತಿ ಇರುವುದು ತಲೆಯ ತೂಕದಲ್ಲಿ ಮತ್ತು ಕಾವಿನ ಉದ್ದದಲ್ಲಿ. ಕಾವು ಉದ್ದವಾದಷ್ಟೂ ತಲೆಯ ವೇಗ ಜಾಸ್ತಿ. ವೇಗ ಎರಡರಷ್ಟಾದರೆ ಏಟಿನ ಶಕ್ತಿ ನಾಲ್ಕರಷ್ಟು. ಈ ಲೆಕ್ಕ ನೋಡಿದರೆ ಚೀಲದಲ್ಲಿ ಮುಚ್ಚಟೆಯಾಗಿ ಕೂರುವ 35 ಸೆಂಟಿಮೀಟರಿನ ಕೈಕೊಡಲಿ ನನಗೆ ಸಮಾಧಾನ ಕೊಡುವುದಿಲ್ಲ. ಅದು ದಿಮ್ಮಿಗೆ ಸಾಲದು, ಸುರುಳಿ ತೆಗೆಯಲು ಒರಟು. ಅಪಾಯವೂ ಅದರಲ್ಲೇ ಜಾಸ್ತಿ. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಸಾಮಾನ್ಯವಾಗಿ ನಿಮ್ಮ ಮುಂದಿನ ನೆಲಕ್ಕೆ ಬೀಳುತ್ತದೆ. ಗಿಡ್ಡ ಕಾವಿನದ್ದು ಗುರಿ ತಪ್ಪಿದರೆ ಅದರ ಸುತ್ತು ಮುಗಿಯುವುದು ನಿಮ್ಮ ಮೊಣಕಾಲಿನಲ್ಲಿ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೊತೆಗೆ ಬಂದಿದ್ದವರೊಬ್ಬರು ನಿಂತುಕೊಂಡೇ ಕೈಕೊಡಲಿ ಬೀಸುತ್ತಿದ್ದರು. ಹೆಪ್ಪುಗಟ್ಟಿದ ಮರದ ಮೇಲೆ ಬಾಯಿ ಜಾರಿತು. ಬೂಟಿನ ಹೊರಚರ್ಮ, ಒಳಗಿನ ಉಣ್ಣೆ, ಎರಡು ಜೊತೆ ಕಾಲುಚೀಲ, ಎಲ್ಲ ಸೀಳಿ ನಿಂತಿತು. ಕಾಲಿಗೆ ಬರೀ ಗೀರು. ಆದರೆ ಸೀಳಿದ ಬೂಟಿನೊಳಗೆ ಹಿಮ ತುಂಬಿಕೊಳ್ಳುತ್ತಿತ್ತು, ವಾಪಸು ರಸ್ತೆಗೆ ಬರಲು ಒಂದು ದಿನದ ನಡಿಗೆ. ಆ ದಿನವಿಡೀ ಗಂಟೆಗೊಮ್ಮೆ ನಿಂತು ಅವರ ಬೆರಳು ಮುಟ್ಟಿ ನೋಡುತ್ತಿದ್ದೆವು. ಅದಕ್ಕೇ ಹೇಳುವುದು, ಗಿಡ್ಡ ಕೊಡಲಿ ಹಿಡಿದರೆ ಮಂಡಿಯೂರಿ ಕೂತು ಕೆಲಸ ಮಾಡಿ. ಆಗ ತಪ್ಪಿದ ಏಟು ನೆಲಕ್ಕೆ ಹೋಗುತ್ತದೆ. ಚಾಕುವಿನಲ್ಲಿ ಕೆತ್ತುವಾಗ ತೊಡೆಗಳ ನಡುವೆ ಇಟ್ಟು ಕೆತ್ತಬೇಡಿ, ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಇದೆ. ಊರಿನಲ್ಲಿ ಹೊಲಿಗೆ ಹಾಕಿಸಿಕೊಂಡು ಬರುವ ಗಾಯ ಅಲ್ಲಿ ಬೇರೆಯೇ ಆಗಿಬಿಡುತ್ತದೆ.

ಚಳಿಯಲ್ಲಿ ಕೊಡಲಿ ಬಾಯಿಯೂ ಚಕ್ಕೆ ಏಳುತ್ತದೆ. ಕೆಲಸಕ್ಕೆ ಮುಂಚೆ ಕೊಡಲಿಯ ತಲೆಗೆ ಮುಸುಕು ಹಾಕಿ ಸ್ವಲ್ಪ ಹೊತ್ತು ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ, ಮೊದಲ ಏಟುಗಳನ್ನು ಮೆಲ್ಲಗೆ ಹಾಕಿ. ಬೆಂಕಿಗೆ ಹಿಡಿದು ಬಿಸಿ ಮಾಡಬೇಡಿ. ಬಾಯಿಯ ಬಣ್ಣ ತಿರುಗಿತು ಅಂದರೆ ಹದ ಹೋಯಿತು ಅಂತಲೇ ಲೆಕ್ಕ. ಕೊಡಲಿ ಬೀಸಿದರೆ ಬೆವರುತ್ತದೆ ಅನ್ನುವುದನ್ನೂ ಮರೆಯಬೇಡಿ. ಒದ್ದೆ ಒಳಬಟ್ಟೆಯಲ್ಲಿ ಕೂತರೆ ಹತ್ತು ನಿಮಿಷಕ್ಕೆ ನಡುಕ ಶುರು. ಮೇಲಂಗಿ ಬಿಚ್ಚಿಟ್ಟು, ನಿಧಾನಕ್ಕೆ, ಬೆವರು ಬರುವ ಮುಂಚೆಯೇ ನಿಲ್ಲಿಸುತ್ತಾ ಕಡಿಯಬೇಕು.

ಇಲ್ಲಿ ಮೂರನೆಯದೊಂದನ್ನು ಮೇಜಿನ ಮೇಲೆ ಇಡುತ್ತೇನೆ. ಮಡಚುವ ಗರಗಸ. ತೂಕ ಸುಮಾರು 200 ಗ್ರಾಂ. ಕೊಡಲಿ ಎಳೆಗುಂಟ ಸೀಳುವುದರಲ್ಲಿ ಜಾಣ, ಅಡ್ಡಕ್ಕೆ ಕಡಿಯುವುದರಲ್ಲಿ ದುಬಾರಿ. ಅಡ್ಡಕ್ಕೆ ಕಡಿಯಲು ದೊಡ್ಡ ಕಚ್ಚು ಹಾಕಬೇಕು, ಅಷ್ಟೂ ಮರ ಚಕ್ಕೆಯಾಗಿ ಹಾರುತ್ತದೆ. ಗರಗಸ ಎರಡು ಮೂರು ಮಿಲಿಮೀಟರ್ ದಾರಿ ಮಾಡಿಕೊಂಡು ಸುಮ್ನೆ ಇಳಿಯುತ್ತದೆ. ಜಾರಿ ಕಾಲಿಗೆ ಬರುವ ಭಯ ಇಲ್ಲ, ಬೆವರೂ ಕಡಿಮೆ. ಇದರಿಂದ ಕೋಲನ್ನು ಒಂದು ಗೇಣಿನ ತುಂಡುಗಳಾಗಿ ಕೊಯ್ದರೆ ಚಾಕುವಿನಿಂದ ಸೀಳುವುದು ಮಕ್ಕಳಾಟ. ತೋಳಿಗಿಂತ ದಪ್ಪ ತುಂಡು ಸಿಕ್ಕಿತೋ? ಚಾಕುವಿನಿಂದ ಒಣಮರದ ಎರಡು ಬೆಣೆ ಕೆತ್ತಿಕೊಳ್ಳಿ. ತಲೆಯ ಮೇಲೆ ಈಗಾಗಲೇ ಇರುವ ಬಿರುಕಿನಲ್ಲಿ ಬೆಣೆ ಕೂರಿಸಿ ಬಡಿಗೆಯಿಂದ ಹೊಡೆಯಿರಿ. ಚಾಕುವಿಗೆ ಒಂದು ಏಟೂ ಬೀಳುವುದಿಲ್ಲ. ಚಾಕು, ಗರಗಸ ಎರಡೂ ಸೇರಿ 350 ಗ್ರಾಂ, ಕೊಡಲಿಯ ಮೂರನೇ ಒಂದು ಪಾಲು.

ಸ್ವಲ್ಪ ದಾರಿ ಬಿಟ್ಟು ಒಂದು ವಿಷಯ ಹೇಳುತ್ತೇನೆ, ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 1991ರಲ್ಲಿ ಆಸ್ಟ್ರಿಯಾ ಇಟಲಿ ಗಡಿಯ ಆಲ್ಪ್ಸ್ ಪರ್ವತದಲ್ಲಿ, 3,210 ಮೀಟರ್ ಎತ್ತರದಲ್ಲಿ, ಹಿಮದೊಳಗೆ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಸುಮಾರು 5,300 ವರ್ಷ ಹಳೆಯದು. ಓಟ್ಸಿ ಅಂತ ಹೆಸರಿಟ್ಟರು. ಅವನ ಬಳಿ ತಾಮ್ರದ ಕೊಡಲಿ ಇತ್ತು, ಕಾವು 60 ಸೆಂಟಿಮೀಟರ್. ಚಕಮಕಿ ಕಲ್ಲಿನ ಸಣ್ಣ ಚಾಕೂ ಇತ್ತು, ಹೆಣೆದ ನಾರಿನ ಒರೆಯಲ್ಲಿ. ಆ ಕಲ್ಲಿನ ಬಾಯಿಯನ್ನು ಮತ್ತೆ ಹರಿತ ಮಾಡುವ ಪುಟ್ಟ ಉಪಕರಣವೂ ಇತ್ತು. ಕೆಂಡ ಒಯ್ಯುವುದಕ್ಕೆ ಬರ್ಚ್ ತೊಗಟೆಯ ಡಬ್ಬಿ, ಅದರೊಳಗೆ ಹಸಿರು ಮೇಪಲ್ ಎಲೆ. ಅವನು ಎರಡನ್ನೂ ಹೊತ್ತಿದ್ದ, ಯಾಕೆಂದರೆ ಅವನಿಗೆ ಸ್ಟೌವ್ ಇರಲಿಲ್ಲ. ಸಾಣೆ ಸಾಮಾನನ್ನೂ ಬಿಟ್ಟು ಬಂದಿರಲಿಲ್ಲ. ನಿಮ್ಮ ಚೀಲದಲ್ಲಿ ಸಾಣೆ ಕಲ್ಲು ಇದೆಯಾ? ಮೊಂಡು ಬಾಯಿ ಮರಕ್ಕೆ ಕಚ್ಚುವುದಿಲ್ಲ, ಜಾರುತ್ತದೆ. ಆ ಬೂಟು ಸೀಳಿದ್ದು ಮೊಂಡು ಕೊಡಲಿ.

ಹಸಿ ಮರಕ್ಕೆ ಕೈ ಹಚ್ಚಬೇಡಿ. ಅದು ನೀರು ತುಂಬಿದ ಮರ, ಉರಿಯುವುದೂ ಇಲ್ಲ. ಬೆಂಕಿಗೇ ಅನುಮತಿ ಇಲ್ಲದ ಕಾಡುಗಳು ಬಹಳ ಇವೆ, ಹೊರಡುವ ಮುಂಚೆ ವಿಚಾರಿಸಿ. ಅನುಮತಿ ಇಲ್ಲ ಅಂದರೆ ಇಷ್ಟು ಹೊತ್ತು ಮಾತಾಡಿದ್ದೆಲ್ಲ ಸ್ಟೌವ್ ಮತ್ತು ಸಣ್ಣ ಚಾಕುವಿಗೆ ಬಂದು ನಿಲ್ಲುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಮೊದಲ ಸಲ ಹೋಗುತ್ತಿದ್ದೇನೆ, ಮೂರು ರಾತ್ರಿ, ಕಾಡಿನ ದಾರಿ, ಸ್ಟೌವ್ ಇದೆ, ಒಂದೇ ಮಾತಿನಲ್ಲಿ ಹೇಳಿ ಅಂದಿದ್ದಾರೆ. ಚಾಕು ಮತ್ತು ಗರಗಸ. ಕೊಡಲಿ ಈ ಸಲ ಬೇಡ. ಕೊಡಲಿ ಬೇಕೇ ಬೇಕು ಅನ್ನುವ ಚಾರಣ ಮುಂದೆ ಬಂದರೆ, ಅದಕ್ಕೆ ಮೊದಲು ಬೆಚ್ಚಗಿನ ದಿನಗಳಲ್ಲಿ ಒಂದು ರಾಶಿ ಸೌದೆ ಒಡೆದು ಕೈ ಪಳಗಿಸಿಕೊಳ್ಳಿ. ಚಾಕುವನ್ನೂ ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಡಬೇಡಿ. ಹೊರಡುವ ಹಿಂದಿನ ವಾರ ಒಂದು ಕೋಲನ್ನು ರಾತ್ರಿಯಿಡೀ ನೆನೆಹಾಕಿ. ಮಾರನೇ ಸಂಜೆ, ಬೆಳಕು ಕಡಿಮೆಯಾದ ಮೇಲೆ, ಒಯ್ಯಲಿರುವ ಗ್ಲೌಸನ್ನೇ ಹಾಕಿಕೊಂಡು, ಅದರಿಂದ ಒಂದು ಲೋಟ ನೀರು ಕುದಿಸಿ ನೋಡಿ.

ನಾನು ಸೀಳಿದ ಈ ನಾಲ್ಕು ತುಂಡನ್ನು ಈಗ ನಿಮ್ಮ ಕೈಗೆ ದಾಟಿಸುತ್ತೇನೆ. ಬೆರಳಿನಿಂದ ಮುಟ್ಟಿದರೆ ಹಸಿಯೋ ಒಣಗಿದ್ದೋ ಸರಿಯಾಗಿ ಗೊತ್ತಾಗುವುದಿಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿದ್ದರಂತೂ ಇಲ್ಲವೇ ಇಲ್ಲ. ಒಳಮೈಯನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ತಣ್ಣಗೆ ಕೊರೆದರೆ ಅಲ್ಲಿ ಇನ್ನೂ ನೀರಿದೆ, ಅಷ್ಟು ಭಾಗವನ್ನು ಕೆತ್ತಿ ತೆಗೆಯಿರಿ.